ಫೋಟೊ ಹಾಕಿದ ಮೇಲೆ ಬರಬೇಕು

"ಯಾವ ಮುಖ ಇಟ್ಕೊಂಡು ಬಂದ್ರಿ?"

ಟೀಚರ್ ಅವನನ್ನು ಬಾಗಿಲಲ್ಲೇ ತಡೆದಳು. ಮಕ್ಕಳು ಮಾಡಿದ್ದ ಮಣ್ಣಿನ ಗೊಂಬೆಗಳನ್ನು ಸುಟ್ಟು, ಬುಟ್ಟಿಯಲ್ಲಿ ಹೊತ್ತು ತಂದಿದ್ದವನು ಹೊಸ್ತಿಲಾಚೆಯೇ ನಿಂತ.

ವಿಶೇಷ ಮಕ್ಕಳ ಆ ಪುಟ್ಟ ಶಾಲೆಗೆ ಪ್ರತಿ ಶುಕ್ರವಾರ ಬರುತ್ತಿದ್ದ ಕುಂಬಾರ ಅವನು. ಮಕ್ಕಳ ಪಾಲಿಗೆ ಮಣ್ಣುಮಾಮ. ಅಲ್ಲಿ ದಿನ ಶುರುವಾಗುವುದೇ ಗೋಡೆಯ ಹಲಗೆಯಿಂದ. ಅಂದು ಯಾರು ಬರುತ್ತಾರೋ ಅವರ ಫೋಟೊ ಅಲ್ಲಿರುತ್ತದೆ. ಅದನ್ನು ನೋಡಿದರೆ ಮಕ್ಕಳಿಗೆ ನೆಮ್ಮದಿ. ಹಾಕಿದ ಮೇಲೆ ಆ ಮನುಷ್ಯ ಬರಲೇಬೇಕು!

"ನಿನ್ನೆ ನಿಮ್ಮ ಫೋಟೊ ಹಾಕಿದ್ದೆ. ಗುಬ್ಬಿ ಅದನ್ನ ಕಿತ್ಕೊಂಡು ಸಂಜೆವರೆಗೂ ಬಾಗಿಲಲ್ಲೇ ಕೂತಿದ್ಲು. ಊಟ ಮುಟ್ಟಲಿಲ್ಲ. ಮಾತು ಬರದ ಮಗು ರೀ ಅದು! ಮಾಮ ಯಾಕೆ ಬರಲಿಲ್ಲ ಅಂತ ಹೇಗೆ ಕೇಳ್ಬೇಕು?"

"ನಾನು ಬಂದಿದ್ದೆ..."

"ಸುಳ್ಳು ಬೇರೆ!"

ಅವನ ಮುಖ ಕೆಂಪಾಯಿತು. "ನಿಮ್ಮ ದೊಡ್ಡಮ್ಮನನ್ನೇ ಕೇಳಿ" ಎಂದವನೇ ಬುಟ್ಟಿ ಇಳಿಸಿ ಹೊರಟುಹೋದ.

ಶಾಲೆ ನಡೆಸುತ್ತಿದ್ದ ದೊಡ್ಡಮ್ಮ ಆಫೀಸಿನಲ್ಲಿ ಟೀ ಕುಡಿಯುತ್ತಿದ್ದರು.

"ಹೌದು, ಗೇಟಿಂದಲೇ ವಾಪಸ್ ಕಳಿಸಿದೆ. ನೀವಿಬ್ರೂ ನಗ್ತಾ ಮಾತಾಡೋದನ್ನ ಜನ ಆಡ್ಕೊಳ್ತಿದ್ದಾರೆ. ನಿನ್ನ ಹೆಸರು ಕೆಟ್ರೆ ನಿಮ್ಮಮ್ಮನಿಗೆ ನಾನೇನು ಹೇಳ್ಲಿ?"

ಟೀಚರಿಗೆ ಮೈಯೆಲ್ಲ ಉರಿದುಹೋಯಿತು. ಅಲ್ಲ, ಆ ಮಗು ಬಿಕ್ಕುವುದನ್ನು ಕಣ್ಣಾರೆ ನೋಡಿಯೂ ತುಟಿ ಪಿಟಕ್ಕೆನ್ನದೆ ಕೂತಿದ್ದರಲ್ಲ!

"ಜನರ ಬಾಯಿ ಮುಚ್ಚಿಸೋಕೆ ಆ ಮಗೂನ ಅಳಿಸಿದ್ರಾ, ದೊಡ್ಡಮ್ಮ? ನನ್ನ ಹೆಸರು ನಾನು ನೋಡ್ಕೋತೀನಿ. ಅವರು ಬರಬಾರದು ಅಂದ್ರೆ, ಯಾಕೆ ಅಂತ ಗುಬ್ಬಿಗೆ ನೀವೇ ತಿಳಿಸಿ ಹೇಳಿ!"

ದೊಡ್ಡಮ್ಮ ಲೋಟ ಕೆಳಗಿಟ್ಟರು. "ಹೋಗಿ ಕರ್ಕೊಂಡು ಬಾ" ಎಂದರು, ಮುಖ ಎತ್ತದೆ.

ಅವನ ಅಂಗಡಿ ಪಕ್ಕದ ಬೀದಿಯಲ್ಲೇ. ಅವಳನ್ನು ನೋಡಿಯೂ ಅವನು ಮಡಕೆ ತಿರುಗುತ್ತಿದ್ದ ತಿಗರಿ ನಿಲ್ಲಿಸಲಿಲ್ಲ.

"ತಪ್ಪಾಯ್ತು..."

"ಸಂಗೀತದ ಮೇಷ್ಟ್ರು ಎರಡು ಸಲ ಕೈ ಕೊಟ್ರು. ಅವರಿಗೆ ಮೆತ್ತಗೆ ಹೇಳಿದ್ರಿ. ನನ್ನ ಮೇಲೆ ಮಾತ್ರ ಯಾಕೆ ಹಾಗೆ ಹರಿಹಾಯ್ದ್ರಿ, ಟೀಚರ್? ನಾನೇನು ಅಷ್ಟು ಸಸಾರನಾ?"

ಅವಳ ಕಣ್ಣು ತುಂಬಿತು. 'ಹೇಳಿಬಿಡಲಾ? ಹೇಳಿದರೆ ನಕ್ಕರೆ?'

"ಅವರು ಬರದಿದ್ದಾಗ ಮಕ್ಕಳು ಮಾತ್ರ ಕಾದಿದ್ರು. ನಿನ್ನೆ... ನಾನೂ ಕಾದಿದ್ದೆ."

ಅವನ ಕೈ ನಿಂತಿತು. ಮಡಕೆ ಸೊಟ್ಟಗಾಯಿತು.

"ಅಯ್ಯೋ, ಇದು ಗೊತ್ತಿದ್ರೆ ಗೇಟ್ ಹಾರಿಯಾದ್ರೂ ಬರ್ತಿದ್ದೆನಲ್ರೀ!"

"ಏನೂ ಹಾರಬೇಕಿಲ್ಲ. ಕೈ ಹಿಡ್ಕೊಂಡು ಬೀದಿ ಮಧ್ಯದಲ್ಲೇ ಹೋಗೋಣ, ಗುಬ್ಬಿ ಹತ್ರ. ಆಡ್ಕೊಳ್ಳೋರು ಕಣ್ತುಂಬ ನೋಡ್ಲಿ!"

"ಕೈಯೆಲ್ಲ ಮಣ್ಣು..."

"ಇರ್ಲಿ, ಕೊಡ್ರೀ."