ಮಿಡತೆಯ ಕಾಲಿನ ಸ್ಕ್ರೂ

"ಉಸಿರು ಬಿಡ್ಬೇಡ! ಸರಿಯಾಗಿ ಕೇಳಿಸ್ಕೊ. ಗುಳುಗುಳು ಅಂತಿದ್ಯಾ?"

ಅಕ್ಕನ ಕಾಲಗಿಣ್ಣಿಗೆ ಕಿವಿಯಿಟ್ಟು ತಮ್ಮ ಕಣ್ಣು ಮುಚ್ಚಿದ. "ಏನೂ ಇಲ್ಲ ಕಣೇ. ಬರೀ ಮುಲಾಮಿನ ವಾಸನೆ."

"ವಾಸನೆ ಕೇಳಿದ್ನಾ ನಾನು? ದಡ್ಡ!"

ಸದಾ ಜಿಗಿಯುತ್ತಿದ್ದ ಅವಳನ್ನು ಮನೆಯವರೆಲ್ಲ ಕರೆಯುತ್ತಿದ್ದುದೇ ಮಿಡತೆ ಎಂದು. ಕಾಂಪೌಂಡ್ ಗೋಡೆಯಿಂದ ಜಿಗಿದು ಮೂಳೆ ಮುರಿದಾಗ ಡಾಕ್ಟರು ಮೆಗ್ನೀಸಿಯಂ ಸ್ಕ್ರೂ ಹಾಕಿ ಕೂಡಿಸಿದ್ದರು. ಅದು ಒಳಗೇ ಕರಗಿಹೋಗುತ್ತದಂತೆ. ಈಗ ಪ್ಲಾಸ್ಟರ್ ಬಿಚ್ಚಿ, "ಇನ್ನು ನಡಿ" ಎಂದಿದ್ದರು.

ಆದರೆ ಶಾಲೆಯಲ್ಲಿ ಪಕ್ಕದ ಬೆಂಚಿನವಳು, "ಮೂಳೆ ಕೂಡೋ ಮೊದ್ಲೇ ಸ್ಕ್ರೂ ಕರಗಿದ್ರೆ? ಮತ್ತೆ ಪಟಕ್!" ಎಂದದ್ದೇ ತಡ, ಮಿಡತೆ ಆ ಕಾಲನ್ನು ನೆಲಕ್ಕೆ ತಾಗಿಸಲೇ ಇಲ್ಲ. ಗೋಡೆ, ಕುರ್ಚಿ, ಅಮ್ಮನ ಭುಜ, ಸಿಕ್ಕಿದ್ದನ್ನು ಹಿಡಿದು ಕುಂಟುತ್ತಿದ್ದಳು.

ಮಿಡತೆಯ ಅತ್ತೆ, ಅಂದರೆ ಅಪ್ಪನ ತಂಗಿ, ಲೋಹಗಳನ್ನು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸಕ್ಕಿದ್ದರು. "ಬಾರೇ, ನಿನ್ನ ಸ್ಕ್ರೂನ ನೆಂಟರನ್ನ ತೋರಿಸ್ತೀನಿ" ಎಂದು ಕರೆದೊಯ್ದರು.

ಲ್ಯಾಬಿನಲ್ಲಿ ಬೇರೆ ಯಾರೂ ಇರಲಿಲ್ಲ. ಕಿಟಕಿಯ ಬಿಸಿಲು ಗಾಜಿನ ಜಾಡಿಗಳೊಳಗೆ ಇಳಿದು ಅಲ್ಲೇ ನಿದ್ದೆಹೋದಂತಿತ್ತು. ಜಾಡಿಗಳಲ್ಲಿ ಮೈಯಷ್ಟೇ ಬೆಚ್ಚಗಿನ ಉಪ್ಪುನೀರು. ಒಂದೊಂದರಲ್ಲೂ ನೂಲಿಗೆ ತೂಗುಬಿಟ್ಟ ಉಗುರಿನಷ್ಟು ಲೋಹ.

ಮೊದಲನೆಯದು ಸೋಡಾದಂತೆ ಬುಸುಗುಡುತ್ತಿತ್ತು. ಅದರ ಅಂಚು ಹುಳು ತಿಂದ ಎಲೆಯಂತಾಗಿತ್ತು.

"ಅಯ್ಯೋ, ನನ್ನದೂ ಹೀಗೇನಾ?"

"ಎಲ್ಲಾನೂ ಮೆಗ್ನೀಸಿಯಮ್ಮೇ. ಏನು ಬೆರೆತಿದೆಯೋ ಹಾಗೆ ಬುದ್ಧಿ" ಎಂದು ಅತ್ತೆ ನಕ್ಕರು. "ಇದಕ್ಕೆ ಒಂಚೂರು ಕಬ್ಬಿಣ ಸೇರಿಬಿಟ್ಟಿದೆ. ಅದಕ್ಕೇ ಇಷ್ಟು ಅವಸರ. ನಿನ್ನದರಲ್ಲಿ ಕಬ್ಬಿಣ ಸೇರದ ಹಾಗೆ ನೋಡ್ಕೊಂಡು, ಸ್ವಲ್ಪ ಸತು, ಚಿಟಿಕೆ ಕ್ಯಾಲ್ಸಿಯಂ ಹಾಕಿದ್ದಾರೆ. ಅಗೋ, ಮೇಲಿನ ಶೆಲ್ಫಿನಲ್ಲಿದೆ ನೋಡು ಅಂಥದ್ದು."

"ಕರಗದೇ ಇರೋದನ್ನೇ ಹಾಕ್ಬಹುದಿತ್ತಲ್ಲ?"

"ಹಾಕ್ಬಹುದಿತ್ತು. ಆಮೇಲೆ ಮತ್ತೆ ಕುಯ್ದು ತೆಗೀಬೇಕಾಗ್ತಿತ್ತು. ಇದು ಹಾಗಲ್ಲ. ಮೂಳೆ ಗಟ್ಟಿಯಾಗೋವರೆಗೂ ಹಿಡ್ಕೊಂಡಿದ್ದು, ಚೂರುಚೂರೇ ಹೋಗುತ್ತೆ. ನಿಂಗೆ ಗೊತ್ತೂ ಆಗಲ್ಲ."

ಮೇಲಿನ ಜಾಡಿಯಲ್ಲಿ ಸದ್ದೇ ಇಲ್ಲ. ಬೂದು ಲೋಹದ ತುದಿಯಲ್ಲಿ ಸಾಸಿವೆಗಿಂತ ಸಣ್ಣದೊಂದು ಗುಳ್ಳೆ ಕೂತಿತ್ತು. ಮಿಡತೆ ಕಾದಳು. ಗುಳ್ಳೆ ಉಬ್ಬಿತು. ಹೋಗಲೋ ಬೇಡವೋ ಎಂಬಂತೆ ತೂಗಾಡಿತು. ಕೊನೆಗೆ ಹಿಡಿತ ಬಿಟ್ಟು ಮೇಲೇರಿತು. ಅದು ನೀರಿನ ಅಂಚು ಮುಟ್ಟುವುದನ್ನು ನೋಡಬೇಡವೇ? ಅವಳು ಕತ್ತು ಚಾಚಿದಳು, ಇನ್ನೂ ಚಾಚಿದಳು.

"ಒಡೀತು ಅತ್ತೆ!"

ತಿರುಗಿದರೆ ಅತ್ತೆ ಜಾಡಿಯನ್ನು ನೋಡುತ್ತಿರಲಿಲ್ಲ. ಕೆಳಗೆ ನೋಡುತ್ತಿದ್ದರು.

ಮಿಡತೆಯೂ ಬಗ್ಗಿ ನೋಡಿಕೊಂಡಳು. ಎರಡು ಪಾದಗಳೂ ತುದಿಬೆರಳ ಮೇಲೆ ನಿಂತಿದ್ದವು. ಕೈ ಯಾವುದನ್ನೂ ಹಿಡಿದಿರಲಿಲ್ಲ.

ಮೆಲ್ಲಗೆ ಹಿಮ್ಮಡಿ ಇಳಿಸಿದಳು. ನೆಲ ತಣ್ಣಗಿತ್ತು. ತನ್ನ ಕಾಲಿನೊಳಗೂ ಈಗಷ್ಟೇ ಒಂದು ಗುಳ್ಳೆ, ಯಾವ ಅವಸರವೂ ಇಲ್ಲದೆ, ಹೊರಟಿರಬೇಕು.

ಅವಳು ಮತ್ತೆ ತುದಿಗಾಲಲ್ಲಿ ನಿಂತು ಮುಂದಿನದಕ್ಕೆ ಕಾದಳು.