ನೇರಳಗುಂಡಿಯ ಮೀನು

ನೇರಳಗುಂಡಿಯ ತುಂಬ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದ ಆ ಬೆಳಿಗ್ಗೆ, ಊರವರೆಲ್ಲರ ಎದುರೇ ಚಿನ್ಮಯೀ ಕೇಳಿಬಿಟ್ಟಳು: "ನಿನ್ನೆ ಸಂಜೆ ಇಲ್ಲಿ ಬೈಕ್ ನಿಲ್ಲಿಸಿದ್ದು ನೀವೇ ಅಲ್ಲವಾ?"

ಪಂಪ್ ಮೆಕ್ಯಾನಿಕ್ ಸುಜಯ್ ತಲೆ ಎತ್ತಲಿಲ್ಲ. ಪಂಪಿನ ಫುಟ್‌ವಾಲ್ವ್ ನೋಡಲಿಕ್ಕೆ ಬಂದದ್ದು ಎಂದಷ್ಟೇ ಹೇಳಿ, ಪ್ಯಾಂಟ್ ಮಡಚಿ ನೀರಿಗಿಳಿದ.

ಕಡಬದಿಂದ ಒಳಗೆ, ಹೊಳೆ ತಿರುಗುವಲ್ಲಿ ಆ ಗುಂಡಿ. ಮಾರ್ಚ್‌ನಲ್ಲಿ ಹೊಳೆ ಬತ್ತಿದಾಗ ಮೀನುಗಳೆಲ್ಲ ಅಲ್ಲಿಗೇ ಬಂದು ಸೇರುತ್ತಿದ್ದವು. ದೇವರ ಮೀನು ಎಂದು ಯಾರೂ ಬಲೆ ಹಾಕುತ್ತಿರಲಿಲ್ಲ. ಪಂಚಾಯತ್ ಲೈಬ್ರರಿ ನೋಡಿಕೊಳ್ಳುವ ಚಿನ್ಮಯೀ ಒಂಬತ್ತು ವರ್ಷದಿಂದ ಮಧ್ಯಾಹ್ನ ಅವುಗಳಿಗೆ ಭತ್ತದ ಹೊದಳು ಹಾಕಿ ಬರುತ್ತಿದ್ದಳು. ಈಗ ಯಾರೋ ನೀರಿಗೆ ತೋಟದ ಮದ್ದು ಮೈಲುತುತ್ತು ಕದಡಿದ್ದರು.

ಸುಜಯ್ ಸಂಜೆಯವರೆಗೆ ಸತ್ತ ಮೀನು ಹೆಕ್ಕಿದ. ಉಳಿದವರು ವಾಸನೆ ತಡೆಯಲಾರದೆ ಒಬ್ಬೊಬ್ಬರಾಗಿ ಹೋದರು. ಅವನ ಮೊಣಕೈವರೆಗೆ ಚರ್ಮ ಕೆಂಪಾಗಿ ಎದ್ದಿತ್ತು. ಚಿನ್ಮಯೀಗೆ ನಾಚಿಕೆಯಾಯಿತು. ಬಾಟಲಿ ನೀರನ್ನು ಅವನ ಕೈಗೆ ಹೊಯ್ಯುತ್ತಾ, ಬೆಳಿಗ್ಗೆ ಹಾಗೆ ಕೇಳಬಾರದಿತ್ತು ಎಂದಳು. ಅವನು ಅವಳನ್ನು ನೋಡಿದ. ಏನೋ ಹೇಳಲು ಹೊರಟವನು ಮತ್ತೆ ನೀರಿಗಿಳಿದ.

ಮರುದಿನ ಮಧ್ಯಾಹ್ನ ಅಭ್ಯಾಸಬಲದಿಂದ ಹೊದಳು ಹಿಡಿದು ಬಂದವಳಿಗೆ ಹಾಕಲು ಒಂದು ಮೀನೂ ಇರಲಿಲ್ಲ. ಮರಳಿನಲ್ಲಿ ಕೂತು, ಯಾಕೆಂದು ತಿಳಿಯದೆಯೇ ಹೊಳೆಗಲ್ಲುಗಳನ್ನು ಸಾಲಾಗಿ ಇಡತೊಡಗಿದಳು. ಸಾಲು ಬಾಗಿ ಬೆನ್ನಾಯಿತು. ಇನ್ನೊಂದು ಸಾಲು ಹೊಟ್ಟೆಯಾಯಿತು. ಹಿಂದೆ ನಿಂತಿದ್ದ ಸುಜಯ್, ಬಾಲ ಹೀಗಲ್ಲ, ಇನ್ನೂ ಅಗಲ ಬೇಕು ಎಂದ.

"ಎಂತ, ಮೀನಿನ ಮೆಕ್ಯಾನಿಕ್ಕೂ ನೀವೆಯಾ?" ಎಂದಳು. ಎರಡು ದಿನದಲ್ಲಿ ಅವಳ ತುಟಿಗೆ ನಗು ಬಂದದ್ದು ಆಗಲೇ.

ಹೀಗೆ ಎಂಟು ದಿನ. ಅವನು ಹೊಳೆಯ ಖಾಲಿ ಕಪ್ಪೆಚಿಪ್ಪುಗಳನ್ನು ಹೆಕ್ಕಿ ತಂದ. ಅವಳು ಒಂದರ ಮೇಲೊಂದು ಏರಿಸಿ ಹುರುಪೆ ಜೋಡಿಸಿದಳು. ಆಚೆ ದಡದ ನಫೀಸಮ್ಮ ಒಡೆದ ಪಿಂಗಾಣಿ ಬಸಿ ತಂದುಕೊಟ್ಟು, ಕಣ್ಣಿಗಾಗ್ತದೆ ಎಂದರು. ಮೀನು ಆಳುದ್ದಕ್ಕಿಂತ ದೊಡ್ಡದಾಯಿತು. ಪಕ್ಕದಲ್ಲಿ ಗುಂಡಿಯ ನೀರು ಸತ್ತೇ ಇತ್ತು. ಮಿಂಚುಳ್ಳಿ ಕೂಡ ಬರುತ್ತಿರಲಿಲ್ಲ.

ಚಿಪ್ಪು ಕೊಡುವಾಗ ಅವನ ಬೆರಳು ಅವಳ ಅಂಗೈಯಲ್ಲಿ ಒಂದು ಗಳಿಗೆ ಹೆಚ್ಚು ನಿಲ್ಲುತ್ತಿತ್ತು. ಅವಳು ಕೈ ಎಳೆದುಕೊಳ್ಳುತ್ತಿರಲಿಲ್ಲ. ಲೈಬ್ರರಿಯ ಗೋಡೆ ಗಡಿಯಾರದಲ್ಲಿ ಗುಂಡಿಗೆ ಹೊರಡುವ ಒಂದೂವರೆ ಆಗುವುದನ್ನೇ ಕಾಯತೊಡಗಿದ್ದಳು. ಇಷ್ಟೊಂದು ಸಾವಿನ ಬದಿಯಲ್ಲಿ ತನಗೆ ಸಂತೋಷವಾಗುತ್ತಿದೆಯಲ್ಲ ಎಂದು ಹೆದರಿಕೆಯೂ ಆಗುತ್ತಿತ್ತು.

ಒಂಬತ್ತನೆಯ ದಿನ ಅವನು ಕಲ್ಲು ಮುಟ್ಟಲಿಲ್ಲ.

"ಮೈಲುತುತ್ತು ಕದಡಿದ್ದು ನನ್ನ ಅಣ್ಣ," ಎಂದ. "ಭವಿತಣ್ಣ. ಆ ಸಂಜೆ ನಾನು ತಡೆಯಲಿಕ್ಕೆ ಬಂದದ್ದು. ಬರುವಾಗ ಆಗಿಹೋಗಿತ್ತು. ದೊಡ್ಡದು ನಾಲ್ಕು ಹಿಡಿದು ಗೋಣಿಗೆ ಹಾಕಿ ಹೋದ. ಉಳಿದದ್ದೆಲ್ಲ ಹಾಗೆಯೇ ಸತ್ತದ್ದು."

ಅತ್ತಿಗೆ ಏಳು ತಿಂಗಳ ಬಸುರಿ, ಅದಕ್ಕೇ ಹೇಳಲಿಕ್ಕೆ ಬಾಯಿ ಬರಲಿಲ್ಲ ಎಂದ. ಚಿನ್ಮಯೀ ಕೈಯಲ್ಲಿದ್ದ ಚಿಪ್ಪನ್ನು ಮರಳಿನ ಮೇಲಿಟ್ಟಳು.

"ಇಷ್ಟು ದಿನ ನನ್ನ ಹತ್ತಿರ ಕೂತು ಕಲ್ಲು ಇಟ್ಟದ್ದು ಯಾರಿಗೋಸ್ಕರ?"

"ಸುರುವಿಗೆ ಅಣ್ಣನ ವಿಷಯ ಗೊತ್ತಾದೀತು ಅಂತ ಹೆದರಿಕೆಗೆ. ಮತ್ತೆ ಮೀನಿಗೆ." ಅವನು ಅವಳಿಟ್ಟ ಚಿಪ್ಪನ್ನು ಎತ್ತಿಕೊಂಡ. "ಮತ್ತೆ ನಿಮಗೆ. ನಿಮ್ಮ ಮುಖ ನೋಡದೆ ನನಗೆ ಇರ್ಲಿಕ್ಕೆ ಆಗುದಿಲ್ಲ. ಸುಳ್ಳು ಇಟ್ಟುಕೊಂಡು ನೋಡ್ಲಿಕ್ಕೂ ಆಗುದಿಲ್ಲ."

"ಹಾಗಾದ್ರೆ ಸ್ಟೇಷನಿಗೆ ಹೋಗಿ ಹೇಳಿ," ಎಂದಳು. "ನಾನು ಹೇಳಿದೆ ಅಂತ ಬೇಡ. ನಿಮಗೆ ಹೇಳ್ಬೇಕು ಅಂತ ಇದ್ರೆ."

ಅವಳು ಎದ್ದು ಹೋದಳು. ದಾರಿಯುದ್ದಕ್ಕೂ ಅತ್ತಳು. ಅತ್ತದ್ದು ಸಿಟ್ಟಿಗೋ ಪ್ರೀತಿಗೋ ಅವಳಿಗೇ ಗೊತ್ತಾಗಲಿಲ್ಲ.

ಅವನು ಹೋಗಿ ಹೇಳಿದ. ಭವಿತ್‌ನ ಮೇಲೆ ಕೇಸಾಯಿತು. ಮೀನಿಗಾಗಿ ಒಡಹುಟ್ಟಿದವನನ್ನು ಹಿಡಿದುಕೊಟ್ಟವನೆಂದು ಊರು ಸುಜಯನಿಗೇ ಬೆನ್ನು ಹಾಕಿತು. ರಿಪೇರಿಗೆ ಯಾರೂ ಕರೆಯಲಿಲ್ಲ. ತಾಯಿ ಅವನ ಬಟ್ಟೆಬರೆಯನ್ನು ಜಗಲಿಗೆ ತಂದಿಟ್ಟರು. ಅವನು ಪುತ್ತೂರಿಗೆ ಹೋಗಿ, ದರ್ಬೆಯ ಮೋಟರ್ ವೈಂಡಿಂಗ್ ಅಂಗಡಿಯೊಂದರಲ್ಲಿ ಸೇರಿಕೊಂಡ. ಹೋಗುವ ಮುಂಚೆ ಲೈಬ್ರರಿಗೆ ಬರಲಿಲ್ಲ. ಫೋನೂ ಮಾಡಲಿಲ್ಲ.

ಚಿನ್ಮಯೀ ಒಬ್ಬಳೇ ಬಾಲ ಮುಗಿಸಿದಳು. ಜೂನಿನಲ್ಲಿ ಹೊಳೆ ತುಂಬಿ ಬಂತು. ಒಂದೇ ದಿನದಲ್ಲಿ ಚಿಪ್ಪು, ಕಲ್ಲು, ಪಿಂಗಾಣಿ ಎಲ್ಲ ಹೋಯಿತು. ಹೋಗಲೆಂದೇ ಮಾಡಿದ್ದು ಎಂದುಕೊಂಡಳು. ಆದರೆ ಆ ಮಧ್ಯಾಹ್ನ ಲೈಬ್ರರಿಯಲ್ಲಿ ಕೂರಲು ಅವಳಿಂದಾಗಲಿಲ್ಲ.

ಶನಿವಾರ ಬಸ್ಸು ಹತ್ತಿ ದರ್ಬೆಯಲ್ಲಿ ಇಳಿದಳು. ಅಂಗಡಿಯೊಳಗೆ ಅವನು ತಾಮ್ರದ ತಂತಿ ಸುತ್ತುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ. ಸೊರಗಿದ್ದ.

"ಗುಂಡಿಗೆ ಮೀನು ಬಂತಾ?" ಎಂದು ಕೇಳಿದ.

ಅವನ ಸಮಾಧಾನಕ್ಕೆ ಅವಳು ಬಂತು ಎನ್ನಬಹುದಿತ್ತು. "ಇಲ್ಲ. ಒಂದೂ ಇಲ್ಲ."

ಅವನು ತಲೆಯಾಡಿಸಿದ.

"ಮನೆಯಲ್ಲಿ ನಿಮ್ಮ ವಿಷಯ ಹೇಳಿದೆ," ಎಂದಳು ಅವಳು. "ಅಪ್ಪ ನನ್ನ ಹತ್ತಿರ ಮಾತಾಡುದಿಲ್ಲ ಈಗ."

ಸುಜಯ್ ಅಂಗಡಿಯಲ್ಲಿ ಇದ್ದ ಒಂದೇ ಸ್ಟೂಲಿನ ಮೇಲಿಂದ ತಂತಿಯ ಸುರುಳಿ ತೆಗೆದಿಟ್ಟು, ಅಂಗಿಯ ತುದಿಯಿಂದ ಎರಡೆರಡು ಸಲ ಒರೆಸಿದ. ಚಿನ್ಮಯೀ ಕೂತಳು. ಕಡಬಕ್ಕೆ ವಾಪಸು ಬಸ್ಸು ಎಷ್ಟು ಹೊತ್ತಿಗೆ ಎಂದು ಅವನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.