ಉದ್ದವ್ವನ ಮೇಲಿನ ಖಟ್ಲೆ

ಸರಕಾರಿ ವಕೀಲ ರಾವಸಾಹೇಬರು ಗೋಕಾಕದಲ್ಲಿ ಮುರಿಗೆಪ್ಪನವರ ಮನೆಯ ಮೆಟ್ಟಿಲು ಹತ್ತಿದಾಗ, ಕಿರಾಣಿ ಅಂಗಡಿಯ ಸೋಮಪ್ಪ ಅಲ್ಲಿಯೇ ಕೂತು ಚಹಾ ಕುಡಿಯುತ್ತಿದ್ದ. ಅದೇನು ಹೊಸದಲ್ಲ. ಮುರಿಗೆಪ್ಪನವರು ವಕೀಲಿ ಬಿಟ್ಟ ಮೇಲೆ ಸುತ್ತಲಿನ ಊರವರು ತಮಗೆ ಬಿಡಿಸಲಾಗದ ಗಂಟುಗಳನ್ನೆಲ್ಲ ಅವರ ಮನೆಯ ಕಟ್ಟೆಗೇ ತರುತ್ತಿದ್ದರು. ಗೆಳೆಯ ಸೋಮಪ್ಪ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಅಲ್ಲಿಯೇ ಠಿಕಾಣಿ ಹೂಡಿದ್ದ. ಆದರೆ ಖಟ್ಲೆ ನಡೆಸುವ ಮನುಷ್ಯನೇ ದಾರಿ ಕೇಳಿಕೊಂಡು ಬಂದದ್ದು ಅದೇ ಮೊದಲು.

ಸಂಗತಿ ಊರಿಗೆಲ್ಲ ಗೊತ್ತಿತ್ತು. ಮೇಲವಂಕಿಯ ವಿಧವೆ ಉದ್ದವ್ವ ನೆರೆಮನೆಯ ತಬ್ಬಲಿ ಹುಡುಗಿ ಸುಂದ್ರವ್ವನನ್ನು ಕರೆದುಕೊಂಡು ಕೊಣ್ಣೂರ ಹತ್ತಿರದ ಸ್ಟೇಶನ್ನಿನಲ್ಲಿ ಮೀರಜದ ಗಾಡಿಗೆ ಕಾಯುತ್ತಿದ್ದಾಗ ಫೌಜದಾರ ಕಲ್ಲಪ್ಪ ಹಿಡಿದಿದ್ದ. ಮನೆಯಲ್ಲಿ ಯಾರಿಗೂ ತಿಳಿಯದಂತೆ ಹಾರಿಸಿಕೊಂಡು ಹೋಗಿದ್ದಾಳೆ, ಮುಂಬಯಿಯಲ್ಲಿ ಮಾರಲಿಕ್ಕೇ ಒಯ್ದಿದ್ದಾಳೆ ಎಂದು ಹುಡುಗಿಯ ಕಾಕಾ ಮಾಯಪ್ಪ ಫಿರ್ಯಾದಿ ಕೊಟ್ಟಿದ್ದ. ಉದ್ದವ್ವ ಬಾಯಿ ಬಿಡಲೊಲ್ಲಳು. ಹುಡುಗಿ ಅಳುವುದೊಂದನ್ನು ಬಿಟ್ಟು ಬೇರೇನೂ ಮಾಡಲೊಲ್ಲಳು. ಇಂಥ ಹೆಂಗಸನ್ನು ಜೇಲಿಗೆ ಹಾಕಲು ಇನ್ನೇನು ಬೇಕು ಎಂದು ಸೋಮಪ್ಪ ಕಟ್ಟೆಗೆ ಬಂದವರ ಮುಂದೆಲ್ಲ ತೀರ್ಪು ಕೊಟ್ಟು ಮುಗಿಸಿದ್ದ.

ರಾವಸಾಹೇಬರಿಗೆ ಅಷ್ಟು ಸಲೀಸಾಗಿರಲಿಲ್ಲ. "ಪುರಾವಿ ಗಟ್ಟಿ ಇಲ್ರಿ," ಎಂದರು. "ಬಿಟ್ರ, ಹೆಣ್ಣು ಮಾರಾಕಿನ್ನ ಬಿಟ್ಟಂಗ ಆದೀತು. ಖಟ್ಲೆ ನಡಸಿದ್ರ, ಏನೂ ಮಾಡದಾಕಿನ್ನ ಒಳಗ ಹಾಕಿದಂಗ ಆದೀತು. ನಾಳೆ ಹುಡುಗಿನ್ನ ಕಾಕಾನ ಕೈಗೆ ಒಪ್ಪಸಬೇಕು. ನನಗಂತೂ ನಿದ್ದಿ ಹತ್ತವಲ್ದು."

ಮುರಿಗೆಪ್ಪನವರು ರುಮಾಲು ಸುತ್ತಿಕೊಂಡು ಹೊರಟೇಬಿಟ್ಟರು. ಸೋಮಪ್ಪನೂ ಬೆನ್ನು ಹತ್ತಿದ.

ಚಾವಡಿಯಲ್ಲಿ ಕಲ್ಲಪ್ಪ ಮೇಜಿನ ಮೇಲೆ ಹುಡುಗಿಯ ಹತ್ತಿರ ಸಿಕ್ಕ ಸಾಮಾನು ಹರವಿ ತೋರಿಸಿದ. ಒಂದು ಹೊಸ ಕುಬಸದ ಖಣ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಒಂದಿಷ್ಟು ಅಕ್ಕಿ, ಅರಿಷಿಣದ ಕೊಂಬು. ಇವನ್ನೆಲ್ಲ ಕೊಟ್ಟು ಆಸೆ ಹಚ್ಚಿ ಕರೆದೊಯ್ದಿದ್ದಾಳೆ ಎಂಬುದು ಅವನ ವಾದ. ಮುರಿಗೆಪ್ಪನವರು ಅರಿಷಿಣದ ಕೊಂಬನ್ನು ತಿರುವಿ ನೋಡುತ್ತ, ಇವೆಲ್ಲ ಎಲ್ಲಿದ್ದವು ಎಂದು ಕೇಳಿದರು. ಹುಡುಗಿಯ ಸೆರಗಿನಲ್ಲಿ ಕಟ್ಟಿ ನಡುವಿಗೆ ಸಿಕ್ಕಿಸಿತ್ತು, ತಾನೇ ಬಿಚ್ಚಿ ಝಾಡಿಸಿದೆ ಎಂದ ಬಾಗಿಲಲ್ಲಿ ನಿಂತಿದ್ದ ಪೊಲೀಸ. ಮೂಲೆಯಲ್ಲಿ ಬರಿ ಹಣೆ, ಬರಿ ಕೈಯಲ್ಲಿ ಕೂತಿದ್ದ ಉದ್ದವ್ವನನ್ನು ಮುರಿಗೆಪ್ಪನವರು ಕೇಳಿದ್ದು, ಊಟ ಮಾಡಿದೆಯೇನವ್ವಾ ಎಂದಷ್ಟೆ.

ಅಲ್ಲಿಂದ ಚಕ್ಕಡಿ ಕಟ್ಟಿಸಿಕೊಂಡು ಮೇಲವಂಕಿಗೆ. ಮಾಯಪ್ಪ ಆದರದಿಂದಲೇ ಕೂರಿಸಿದ. ಮೂಡಲಗಿ ಕಡೆಯ ವರನಿಗೆ ಹುಡುಗಿಯನ್ನು ಕೊಡಲು ಮಾತಾಗಿತ್ತೆಂದೂ, ಈ ಹಾಳು ಹೆಂಗಸು ಎಲ್ಲಕ್ಕೂ ಕಲ್ಲು ಹಾಕಿದಳೆಂದೂ ಗೋಳಾಡಿಕೊಂಡ. ಹುಡುಗಿ ನೋಡಲು ಯಾರು ಬಂದಿದ್ದರು ಎಂದು ಮುರಿಗೆಪ್ಪನವರು ಕೇಳಿದರು. ಇಬ್ಬರು ಗಂಡಸರು ಎಂದ. ಹೆಂಗಸರು? ಯಾರೂ ಇರಲಿಲ್ಲವಂತೆ. ಆ ಮನೆಯಲ್ಲಿದ್ದ ಒಬ್ಬಳೇ ಹೆಂಗಸು ಮಾಯಪ್ಪನ ಹೆಂಡತಿ ಗೌರಕ್ಕ. ಅವಳು ನೀರಿನ ತಂಬಿಗೆ ತಂದಿಟ್ಟು ಬಾಗಿಲ ಮರೆಯಲ್ಲೇ ನಿಂತಳು. ಹುಡುಗಿಯನ್ನು ಯಾರು ಕದ್ದರೆಂದು ನೋಡಲು ಹೋಗಿ ಬೀಗರ ಲೆಕ್ಕ ಕೇಳಿದಿರಲ್ಲ ಮಾರಾಯರೇ ಎಂದು ಸೋಮಪ್ಪ ದಾರಿಯುದ್ದಕ್ಕೂ ಗೊಣಗಿದ.

ಮರುದಿನ ಚಾವಡಿಯಲ್ಲಿ ಎಲ್ಲರೂ ಸೇರಿದರು. ಮಾಯಪ್ಪ, ಗೌರಕ್ಕ, ಉದ್ದವ್ವ, ಹುಡುಗಿ, ಫೌಜದಾರ, ರಾವಸಾಹೇಬರು. ಮುರಿಗೆಪ್ಪನವರು ನಿಂತೇ ಮಾತಾಡಿದರು.

"ಫೌಜದಾರ್ರ, ಕೊಬ್ರಿ ಉತ್ತತ್ತಿ ಆಸೇಕ್ಕ ಕೊಟ್ಟಾಳಂದ್ರಿ, ಆತು. ಹಸಿ ಅಕ್ಕಿ, ಅರಿಷಿಣದ ಕೊಂಬು ಯಾವ ಹುಡುಗಿ ತಿಂತಾಳ್ರಿ? ನೀವು ಮೇಜಿನ ಮ್ಯಾಲ ಹರವಿದ್ದು ನೋಡಿದ್ರಿ. ಸೆರಗಿನಾಗ ಕಟ್ಟಿದ್ದು ನೋಡಿದ್ರ ನಿಮಗೂ ತಿಳೀತಿತ್ತು. ಅದು ಉಡಿ ತುಂಬಿದ್ದು."

ಹೆಂಡತಿ ತವರಿನಿಂದ ಹೊರಡುವಾಗಲೆಲ್ಲ ಅದನ್ನೇ ಕಂಡಿದ್ದ ಕಲ್ಲಪ್ಪ ತಲೆ ಕೆರೆದುಕೊಂಡ. ಮುರಿಗೆಪ್ಪನವರು ಮುಂದುವರಿಸಿದರು. ಹೆಣ್ಣುಮಗಳನ್ನು ಹರಸಿ ಕಳಿಸುವವರು ಉಡಿ ತುಂಬುತ್ತಾರೆ, ಕದ್ದೊಯ್ಯುವವರಲ್ಲ. ಉದ್ದವ್ವ ವಿಧವೆ. ಸರಿಯೋ ತಪ್ಪೋ, ನಮ್ಮ ಜನ ವಿಧವೆಯಿಂದ ಉಡಿ ತುಂಬಿಸುವುದಿಲ್ಲ, ಅವಳೂ ಮುಂದಾಗುವುದಿಲ್ಲ. ಅಂದಮೇಲೆ ತುಂಬಿದವಳು ಒಬ್ಬ ಮುತ್ತೈದೆ. ಮಾಯಪ್ಪನ ಮನೆಯಲ್ಲಿ ಮುತ್ತೈದೆ ಎಂದು ಇರುವವಳು ಒಬ್ಬಳೇ. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ ಎಂಬ ಫಿರ್ಯಾದಿ ಅಲ್ಲಿಗೇ ಬಿದ್ದುಹೋಯಿತು. ಗೊತ್ತಿದ್ದವಳು ಯಾಕೆ ಕಳಿಸಿದಳು? ವರನ ಕಡೆಯವರು ಒಬ್ಬ ಹೆಂಗಸಿಲ್ಲದೆ ಹೆಣ್ಣು ನೋಡಲು ಬಂದದ್ದನ್ನು ನಮ್ಮ ಸೀಮೆಯಲ್ಲಿ ಯಾರೂ ಕೇಳಿಲ್ಲ. ಗಂಡಸಿಗೆ ಅದು ಕಾಣದಿದ್ದರೂ ಮನೆಯ ಹೆಂಗಸಿಗೆ ಕಂಡಿರಬೇಕು.

ಅಷ್ಟು ಹೇಳಿ ಅವರು ಕೂತುಕೊಂಡರು. ಗೌರಕ್ಕನ ಕಡೆ ತಿರುಗಿಯೂ ನೋಡಲಿಲ್ಲ.

"ನಾನ ತುಂಬೇನ್ರಿ," ಎಂದಳು ಗೌರಕ್ಕ, ಗಂಡನ ಎದುರಿಗೇ. "ಬಂದವರು ಅಕಿ ಹೆಸರ ಸೈತ ಕೇಳಲಿಲ್ಲ. ಮೂಡಲಗಿ ಸಂತ್ಯಾಗ ದನ ನೋಡಿದಂಗ ಹಲ್ಲು ನೋಡಿದ್ರು, ಕೈಕಾಲು ನೋಡಿದ್ರು. ಮೀರಜದಾಗ ಅಕಿ ಸೋದರಮಾವ ಅದಾನ, ಅಲ್ಲಿ ಮುಟ್ಟಸು ಅಂತ ಉದ್ದಕ್ಕನ ಕಾಲ ಹಿಡಿದೆ. ನನ್ನ ಹೆಸರ ಹೇಳಬ್ಯಾಡ ಅಂದಿದ್ದೆ. ಹೇಳಲಿಲ್ಲ ನೋಡ್ರಿ ಅಕಿ."

ಫೌಜದಾರ ಥಟ್ಟನೆ ಎದ್ದು ಮಾಯಪ್ಪನ ರಟ್ಟೆ ಹಿಡಿದ. ಸೋಮಪ್ಪನಿಗೂ ಕೈ ತುರಿಸುತ್ತಿತ್ತು. ರಾವಸಾಹೇಬರು ತಡೆದರು.

"ಬಿಡ್ರಿ ಅವನ್ನ. ನಿನ್ನಿ ಉದ್ದವ್ವನ ಮ್ಯಾಲ ಇದ್ದಷ್ಟ ಪುರಾವಿ ಇವತ್ತ ಇವನ ಮ್ಯಾಲ ಐತಿ. ಅಷ್ಟರಾಗ ಅಕಿನ್ನ ಜೇಲಿಗಿ ಕಳಸೂದು ತಪ್ಪಾದ್ರ, ಇವನ್ನ ಕಳಸೂದೂ ತಪ್ಪ."

ಮಾಯಪ್ಪ ನೆಲ ನೋಡುತ್ತ, ಮೂಡಲಗಿ ಕಡೆಯವರು ಎಂದಷ್ಟೇ ಹೇಳಿದ್ದರು, ಅವರ ಊರು ಯಾವುದೆಂದು ತಾನು ಕೇಳಲೇ ಇಲ್ಲ ಎಂದ. ಮಾರಿದ್ದನೋ, ಮೋಸಹೋಗಿದ್ದನೋ, ಆ ಹೊತ್ತಿಗೆ ಯಾರಿಗೂ ಹೇಳಲು ಬರುವಂತಿರಲಿಲ್ಲ. ಉದ್ದವ್ವನ ಖಟ್ಲೆ ಕೈಬಿಟ್ಟೆ, ಹುಡುಗಿ ಸೋದರಮಾವನ ಮನೆಗೆ ಹೋಗಲಿ, ಫೌಜದಾರರು ಆ ಇಬ್ಬರನ್ನು ಹುಡುಕಲಿ ಎಂದರು ರಾವಸಾಹೇಬರು. ಸೋಮಪ್ಪನಿಗೆ ಎದೆ ತುಂಬಿ ಬಂತು. ಹೀಗೂ ಒಬ್ಬ ಸರಕಾರಿ ಮನುಷ್ಯ ಇರುತ್ತಾನಲ್ಲ ಎಂದು ಮನಸ್ಸಿನಲ್ಲೇ ಕೈಮುಗಿದ.

ಗೌರಕ್ಕ ಎಲ್ಲರೆದುರು ಉದ್ದವ್ವನ ಪಾದಕ್ಕೆ ಹಣೆ ಹಚ್ಚಿ, "ನೀ ನನ್ನ ಹಡೆದವ್ವ," ಎಂದು ಬಿಕ್ಕಿದಳು.

"ಏಳ ತಂಗಿ, ಗಾಡಿ ಹೊತ್ತಾತು," ಎಂದಳು ಉದ್ದವ್ವ. ಅಷ್ಟು ದಿನದ ಮೇಲೆ ಅವಳು ಬಾಯಿ ಬಿಟ್ಟದ್ದು ಅದೇ ಮೊದಲು. ಅವಳ ಕಣ್ಣೂ ತುಂಬಿತ್ತು.

ಸುಂದ್ರವ್ವ ಗೌರಕ್ಕನ ಸೆರಗು ಹಿಡಿದು ಬಿಡಲೊಲ್ಲಳು. ಚಿಗವ್ವನೂ ಜೊತೆಗೆ ಬರಬೇಕೆಂದು ಹಟ ಹಿಡಿದಳು. ಗೌರಕ್ಕ ಅವಳ ಕೆನ್ನೆ ಒರೆಸಿ, ಗಂಡನನ್ನು ಒಮ್ಮೆ ನೋಡಿ, ಮೆಲ್ಲಗೆ ಹೇಳಿದಳು.

"ನಾ ಇಲ್ಲೇ ಇರತೇನಿ. ಆ ಇಬ್ಬರೂ ಮತ್ತ್ಯಾವ ಹುಡುಗಿನ್ನರ ನೋಡಾಕ ಬಂದ್ರ, ಇವರ ಅಂತ ಗುರುತ ಹೇಳಾಕ ಒಬ್ಬರರ ಬೇಕಲ್ಲವಾ?"

ರಾವಸಾಹೇಬರು ಕುರ್ಚಿಯಿಂದ ಎದ್ದು ಅವಳಿಗೆ ಎರಡೂ ಕೈ ಜೋಡಿಸಿದರು.

"ಅವತ್ತ ನನಗ ಹೇಳಿ ಕಳಸ, ತಾಯಿ," ಎಂದರು. "ಆ ಖಟ್ಲೆ ನಾನ ನಡಸ್ತೇನಿ."